ಗ್ರೀಬ್ ಸುರಿಯದ ಬಣ್ಣ

ಐವತ್ತೆಂಟರ ಜೂನ್, ಬೆಳಗಿನ ಎಂಟು ಗಂಟೆ. ಲಾಂಗ್ ಐಲೆಂಡಿನ ತುದಿಯಲ್ಲಿ ಕೊಲ್ಲಿಯ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ. ಮನೆಗಳಿಗೆ ಬಣ್ಣ ಬಳಿಯುವ ಎಲ್ವುಡ್ ಟಾಲ್ಮೇಜ್ ಪೇಪರು ಬಿಡಿಸಿದವನು ಹೊಟ್ಟೆ ಉರಿಸಿಕೊಂಡ. ಎರಡು ವರ್ಷದ ಹಿಂದೆ ತೀರಿಕೊಂಡ ನೆರೆಯವ ಆಂಟನ್ ಗ್ರೀಬನ ಚಿತ್ರಕ್ಕೆ ಭಾರೀ ಬೆಲೆ ಬಂದಿತ್ತು. ಗ್ರೀಬ್ ಮಾಡುತ್ತಿದ್ದದ್ದಾದರೂ ಏನು? ಕೊಟ್ಟಿಗೆಯಲ್ಲಿ ಹಾಯಿಬಟ್ಟೆ ಹಾಸಿ, ಕೋಲಿನಿಂದ ಬಣ್ಣ ಚೆಲ್ಲುತ್ತ ಕುಣಿಯುವುದು. ಎಲ್ವುಡ್ ಯಾರದಾದರೂ ಜಗಲಿಯಲ್ಲಿ ಹಾಗೆ ಚೆಲ್ಲಿದ್ದರೆ ಪೊರಕೆ ಸೇವೆ ಆಗುತ್ತಿತ್ತು.

"ಅಂಥದ್ದೊಂದು ಇದ್ದಿದ್ರೆ ಸ್ವಂತ ದೋಣಿ ಬರ್ತಿತ್ತು ಕಣೇ," ಎಂದ.

"ಚೆಲ್ಲೋಕೂ ಹೆಸರಿರ್ಬೇಕು," ಎಂದಳು ಹೆಂಡತಿ ಹೆಟ್ಟಿ. "ನೀನ್ ಚೆಲ್ಲಿದ್ರೆ ಒರೆಸೋಳು ನಾನು."

ತಾನೇ ಒಂದು ಗ್ರೀಬ್ ಚಿತ್ರ ಹುಟ್ಟಿಸಲು ಹೊರಟ ಎಲ್ವುಡ್ ಅವಸರ ಮಾಡಲಿಲ್ಲ. ಗ್ರೀಬ್ ಕೊಳ್ಳುತ್ತಿದ್ದ ಬಣ್ಣದ ಡಬ್ಬಿಗಳೇ ಅವನ ಶೆಡ್ಡಿನಲ್ಲೂ ಇದ್ದವು. ಹಾಯಿಬಟ್ಟೆಯೂ ಗ್ರೀಬನದೇ, ಸತ್ತವನ ಕೊಟ್ಟಿಗೆ ಗುಡಿಸಿಕೊಟ್ಟಾಗ ತಂದದ್ದು. ಕಪ್ಪು, ಬಿಳಿ, ಇಟ್ಟಿಗೆಗೆಂಪು ಸುರಿದ. ಗ್ರೀಬ್ ಬೀಳಿಸುತ್ತಿದ್ದ ಹಾಗೆಯೇ ಸಿಗರೇಟಿನ ತುಂಡು ಅಂಟಿಸಿದ, ಬರಿಗಾಲಿನ ಗುರುತು ಒತ್ತಿದ. ಕುಣಿಯಲೂ ಕುಣಿದ, ಸೊಂಟ ಹಿಡಿಯಿತು. ಅಟ್ಟದ ಮೇಲೆ ಮೂರು ತಿಂಗಳು ಹಾಸಿಟ್ಟು, ಮೂಲೆಮೂಲೆ ಬೆರಳಿಟ್ಟು ನೋಡಿದ. ಎಲ್ಲೂ ಅಂಟಲಿಲ್ಲ, ಚೌಕಟ್ಟಿಗೆ ಬಿಗಿದ.

ಸೆಪ್ಟೆಂಬರಿನ ಒಂದು ಗುರುವಾರ, ಎಲ್ವುಡ್ ಕಾಗದ ಬರೆದು ಕರೆಸಿದ್ದಕ್ಕೆ, ಗ್ರೀಬನ ಅಕ್ಕ ಮಿರಿಯಂ ಬಂದಳು. ಅವಳು ಹೂಂ ಅಂದರೆ ಚಿತ್ರ ಅಸಲಿ.

"ಐವತ್ತೊಂದರಲ್ಲಿ ನಿಮ್ಮ ತಮ್ಮನ ಮನೆ ಕಿಟಕಿಗೆ ಬಣ್ಣ ಹೊಡೆದಿದ್ದೆ ಮೇಡಂ. ಕೂಲಿ ಬದಲು ಇದನ್ನ ಕೊಟ್ಟ."

"ಕೂಲಿ ಕೊಡದೇ ಇದ್ದದ್ದು ಮಾತ್ರ ನಮ್ಮೋನ ಥರಾನೇ ಇದೆ."

ಸಿಗರೇಟಿನ ತುಂಡು ಕಂಡು ಅವಳ ಕಣ್ಣು ಒದ್ದೆಯಾಯಿತು. "ಗೋಡೆಗೆ ನಿಲ್ಲಿಸಪ್ಪ, ಕಣ್ತುಂಬ ನೋಡ್ತೀನಿ," ಎಂದಳು. ಒಲೆಯ ಪಕ್ಕದ ಗೋಡೆಗೆ ನಿಲ್ಲಿಸಿ, ಎಲ್ಲರೂ ಹೆಟ್ಟಿ ಮಾಡಿದ ಚಿಪ್ಪುಮೀನಿನ ಪೈ ತಿನ್ನಲು ಕೂತರು. ಎಲ್ವುಡ್ ಮನಸ್ಸಿನಲ್ಲೇ ದೋಣಿಗೆ ಹೆಸರು ಹುಡುಕುತ್ತಿದ್ದ.

ಮೂವತ್ತು ವರ್ಷ ಅವನು ಬ್ರಷ್ಷಿನಿಂದ ತೆಳ್ಳಗೆ ಬಳಿದವನು, ಒಂದು ತೊಟ್ಟೂ ದಪ್ಪಗೆ ನಿಲ್ಲಲು ಬಿಟ್ಟವನಲ್ಲ. ಅಂಗೈ ದಪ್ಪ ಸುರಿದ ಬಣ್ಣ ಮೇಲೆ ಕೆನೆ ಕಟ್ಟಿ ಒಳಗೆ ಹಸಿಯಾಗೇ ಇರುತ್ತದೆಂದು ಅವನಿಗೆ ತಿಳಿಯುವುದಾದರೂ ಹೇಗೆ? ಒಲೆಯ ಕಾವಿಗೆ ಚಿತ್ರದ ನಡುವಿನ ಬಿಳಿಗಂಟು ಒಡೆದು, ಹಾಲಿನಂತೆ ಸೋರಿ ನೆಲಕ್ಕಿಳಿಯಿತು. ಮಿರಿಯಂ ಅದರಲ್ಲಿ ಬೆರಳದ್ದಿ ಅವನ ಕಾಲರಿಗೆ ಒರೆಸಿದಳು. "ತಮ್ಮ ಸತ್ತು ಎರಡು ವರ್ಷ ಆಯ್ತು, ಇನ್ನೂ ಕೆಲಸ ಬಿಟ್ಟಿಲ್ಲ ನೋಡು!" ಪೈ ಪೂರ್ತಿ ತಿಂದೇ ಅವಳು ಠಾಣೆಯ ಕಡೆ ಹೊರಟಳು. ಶನಿವಾರ ಎಲ್ವುಡ್ ಕೂಡ ಅಲ್ಲಿಗೇ ಹೋದ, ಇಬ್ಬರು ಪೊಲೀಸರ ನಡುವೆ.