ಡಬ್ಬು ಬರ್ತಾನಂತೆ

“ಡಬ್ಬು ಸತ್ತಾಯ್ತು! ಇನ್ನು ಬರುದಿಲ್ಲ!” ಅಸ್ಕರ್ ಬೆಂಚಿನ ಮೇಲೆ ಹತ್ತಿ ನಿಂತು ಘೋಷಿಸಿದ.

ಫಾಹಿಮಾ ಆಗ ತಾನೇ ಬಿಸಿಯೂಟದ ತಟ್ಟೆ ತೊಳೆದು ಒಳಗೆ ಬಂದಿದ್ದಳು. ತಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದ್ದರೂ ಒರೆಸುವುದನ್ನು ಮರೆತು ನಿಂತಳು.

“ಯಾರು ಹೇಳಿದ್ದು ನಿಂಗೆ?”

“ಯೂಟ್ಯೂಬಿನಲ್ಲಿ ಬಂದಿದೆ ಮಾರಾಯ್ತಿ. ಆ ಚಾನೆಲಿಗೆ ಎರಡು ಲಕ್ಷ ಸಬ್‌ಸ್ಕ್ರೈಬರ್ಸ್ ಉಂಟು, ಗೊತ್ತುಂಟಾ?”

“ರೈಲು ಬಿಡ್ಬೇಡ,” ಎಂದಳು ದೀಪಶ್ರೀ. ಅವಳು ಫಾಹಿಮಾಳ ಪಕ್ಕದಲ್ಲೇ ಕೂರುವ ಗೆಳತಿ. “ನನ್ನ ಅಕ್ಕ ಮೂಡುಬಿದಿರೆಯಲ್ಲಿ ಕಾಲೇಜಿಗೆ ಹೋಗುದಲ್ವಾ? ಅಲ್ಲಿ ಬೆಂಗಳೂರಿನ ಒಬ್ಬಳು ಹುಡುಗಿ ಇದ್ದಾಳೆ. ಅವಳು ಹೇಳಿದ್ದು, ಈ ಸಲ ಡಬ್ಬುವಿಗೆ ಒಬ್ಬಳು ತಂಗಿ ಬರ್ತಾಳಂತೆ. ಪಿಂಕ್ ಕಲರ್ ಅಂತೆ.”

“ಪಿಂಕಾ! ಛೀ!” ಎಂದು ಹುಡುಗರೆಲ್ಲ ಒಟ್ಟಿಗೆ ಕೂಗಿದರು.

ಸಿದ್ದಕಟ್ಟೆಯ ಆ ಶಾಲೆಯ ಆರನೇ ತರಗತಿಯಲ್ಲಿ ಒಂದು ತಿಂಗಳಿಂದ ಇದೇ ಗಲಾಟೆ. ‘ಚಂದ್ರನೂರು’ ಸಿನಿಮಾದ ಎರಡನೇ ಭಾಗ ಆ ಶುಕ್ರವಾರ ಬಿಡುಗಡೆಯಾಗಲಿತ್ತು. ಮೊದಲನೇ ಭಾಗ ಬಂದು ಮೂರು ವರ್ಷವಾಗಿತ್ತು. ಅದರಲ್ಲಿ ಮನುಷ್ಯರು ಚಂದ್ರನ ಮೇಲೆ ಒಂದು ಊರು ಕಟ್ಟಿಕೊಂಡಿದ್ದರು. ಆ ಊರಿನಲ್ಲಿ ಎಲ್ಲರ ಚಾಕರಿ ಮಾಡಿಕೊಂಡು ಓಡಾಡುವ ಒಂದು ಚೌಕದ ರೋಬೋಟ್ ಇತ್ತು. ಅವನೇ ಡಬ್ಬು. ಕೊನೆಯಲ್ಲಿ ಆಕಾಶದಿಂದ ಉಲ್ಕೆಗಳು ಬೀಳತೊಡಗಿದಾಗ, ಎಲ್ಲರೂ ಒಳಗೆ ಓಡುವ ತನಕ ಡಬ್ಬು ದೊಡ್ಡ ಬಾಗಿಲನ್ನು ಹಿಡಿದು ನಿಂತಿದ್ದ. ಬಾಗಿಲು ಮುಚ್ಚಿತು. ಡಬ್ಬು ಹೊರಗೇ ಉಳಿದ. ಅವನ ಎದೆಯ ನೀಲಿ ಲೈಟು ಎರಡು ಸಲ ಮಿನುಗಿ ಆರಿಹೋಯಿತು.

ಅಷ್ಟಕ್ಕೇ ಸಿನಿಮಾ ಮುಗಿಸಿಬಿಟ್ಟಿದ್ದರು. ಮಕ್ಕಳ ಹೊಟ್ಟೆ ಉರಿಸುವುದೆಂದರೆ ಇದಲ್ಲದೆ ಇನ್ನೇನು?

ವಿಜ್ಞಾನದ ಚಿದಾನಂದ ಸರ್‌ಗೆ ಮೊದಮೊದಲು ಸಿಟ್ಟೇ ಬಂದಿತ್ತು. ಚಂದ್ರನ ಪಾಠ ಮಾಡಿ “ಏನಾದರೂ ಪ್ರಶ್ನೆ ಉಂಟಾ?” ಎಂದರೆ ಹತ್ತು ಕೈಗಳು ಮೇಲೇಳುತ್ತಿದ್ದವು, ಹತ್ತೂ ಡಬ್ಬುವಿನ ಬಗ್ಗೆ. ಒಂದು ದಿನ ಅವರು ತರಗತಿಯ ಹಿಂದಿನ ಕರಿಹಲಗೆಯ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದರು. ಎಡಗಡೆ ‘ಕೇಳಿದ್ದು’ ಎಂದು ಬರೆದರು. ಬಲಗಡೆ ‘ಕಂಡದ್ದು’ ಎಂದು ಬರೆದರು.

“ನಿಮ್ಮ ಸುದ್ದಿಯನ್ನೆಲ್ಲ ಇಲ್ಲಿ ಬರೆಯಿರಿ. ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಅದನ್ನೂ ಬರೀಬೇಕು. ಸಿನಿಮಾವನ್ನು ಕಣ್ಣಾರೆ ನೋಡಿದವರು ಹೇಳಿದರೆ ಮಾತ್ರ ಬಲಗಡೆ. ನನ್ನ ಪಾಠದ ನಡುವೆ ಯಾರೂ ಡಬ್ಬುವಿನ ಹೆಸರು ಎತ್ತಬಾರದು. ಆಯ್ತಾ?”

ಒಂದೇ ವಾರದಲ್ಲಿ ಎಡಗಡೆ ತುಂಬಿಹೋಯಿತು. ಡಬ್ಬು ಸತ್ತಿದ್ದಾನಂತೆ. ಸತ್ತಿಲ್ಲ, ಚಾರ್ಜ್ ಮುಗಿದದ್ದಂತೆ. ಮಂಗಳ ಗ್ರಹದವರು ಅವನನ್ನು ಹೊತ್ತುಕೊಂಡು ಹೋಗಿದ್ದಾರಂತೆ. ಸಿನಿಮಾ ನಾಲ್ಕು ಗಂಟೆ ಉಂಟಂತೆ, ಎರಡು ಸಲ ಇಂಟರ್‌ವಲ್ ಅಂತೆ. ಬಲಗಡೆ ಮಾತ್ರ ಒಂದು ಅಕ್ಷರವೂ ಇರಲಿಲ್ಲ.

ಎಡಗಡೆಯ ಎಲ್ಲಕ್ಕಿಂತ ಮೇಲಿನ ಸಾಲು ಫಾಹಿಮಾ ಬರೆದದ್ದು. ‘ಡಬ್ಬು ಬರ್ತಾನೆ. ಹೇಳಿದ್ದು: ನನ್ನ ಉಪ್ಪ.’ ಯಾವಾಗ ಹೇಳಿದ್ದು ಎಂಬಲ್ಲಿ ಅವಳು ಏನೂ ಬರೆದಿರಲಿಲ್ಲ.

ಫಾಹಿಮಾಳ ಉಪ್ಪ ಅಬ್ದುಲ್ ನಾಸಿರ್ ಶಾರ್ಜಾದಲ್ಲಿದ್ದರು. ಗಲ್ಫಿನಲ್ಲಿ ಅಪ್ಪ ಇರುವವರ ಮಾತಿಗೆ ಆ ತರಗತಿಯಲ್ಲಿ ತೂಕ ಜಾಸ್ತಿ. ಹೊಸ ಚಾಕಲೇಟು, ಹೊಸ ಪೆನ್ಸಿಲ್ ಬಾಕ್ಸ್, ಎಲ್ಲ ಮೊದಲು ಬರುವುದು ಅಲ್ಲಿಂದ. ಸಿನಿಮಾ ಕೂಡ ಅಲ್ಲಿ ಒಂದು ದಿನ ಮೊದಲೇ, ಗುರುವಾರವೇ ಬಿಡುಗಡೆಯಾಗುತ್ತದೆ. ಹಾಗಾಗಿ ಫಾಹಿಮಾ “ಉಪ್ಪ ಹೇಳಿದ್ದು” ಎಂದರೆ ಮುಗಿಯಿತು, ಯಾರೂ ಎದುರು ಮಾತಾಡುತ್ತಿರಲಿಲ್ಲ.

ಆದರೆ ಇವತ್ತು ಅಸ್ಕರ್ ಸುಮ್ಮನಿರುವ ಹಾಗೆ ಕಾಣಲಿಲ್ಲ.

“ನಿನ್ನ ಉಪ್ಪ ಸಿನಿಮಾ ನೋಡಿದ್ದಾರಾ?”

“ಗುರುವಾರ ಸಂಜೆ ನೋಡ್ತಾರೆ. ಶುಕ್ರವಾರ ಬೆಳಿಗ್ಗೆ ನಾನು ಬಲಗಡೆ ಬರೀತೇನೆ. ಫಸ್ಟ್ ಸಾಲು ನನ್ನದೇ.”

“ಬರೆಯದಿದ್ರೆ?”

ಇಡೀ ತರಗತಿ ಅವಳನ್ನೇ ನೋಡುತ್ತಿತ್ತು. ಫಾಹಿಮಾ ಹಿಂದೆ ಮುಂದೆ ನೋಡದೆ ಹೇಳಿಬಿಟ್ಟಳು. “ಬರೆಯದಿದ್ರೆ ಇನ್ನು ಮೇಲೆ ‘ಉಪ್ಪ ಹೇಳಿದ್ದು’ ಅಂತ ಹೇಳುದೇ ಇಲ್ಲ. ಯಾವುದಕ್ಕೂ ಹೇಳುದಿಲ್ಲ.”

ಆದರೆ ಉಪ್ಪನಿಗೆ ಈ ಸಂಗತಿಯೇ ಗೊತ್ತಿರಲಿಲ್ಲ.

ಸಂಜೆ ಮನೆಗೆ ಬಂದವಳೇ ಅವಳು ಉಮ್ಮನ ಫೋನ್ ಹಿಡಿದು ವಾಯ್ಸ್ ಮೆಸೇಜ್ ಕಳಿಸಿದಳು. “ಉಪ್ಪಾ, ಗುರುವಾರ ಚಂದ್ರನೂರು ನೋಡಿ. ನೋಡ್ಲೇಬೇಕು. ಡಬ್ಬು ಬರ್ತಾನಾ ಇಲ್ವಾ ಅಂತ ಶುಕ್ರವಾರ ಶಾಲೆಗೆ ಹೋಗುವ ಮೊದಲು ಹೇಳ್ಬೇಕು. ಪ್ಲೀಸ್, ಪ್ಲೀಸ್, ಪ್ಲೀಸ್.”

ಉಮ್ಮ ಶಬ್ನಾ ಮೀನು ಕೊಯ್ಯುತ್ತಾ ಎಲ್ಲ ಕೇಳಿಸಿಕೊಂಡರು. “ನಿಂಗೆ ಮಂಡೆ ಸಮ ಉಂಟಾ? ಉಪ್ಪನಿಗೆ ಬೆಳಗಿನ ಜಾವ ಮೂರು ಗಂಟೆಗೆ ಬೇಕರಿಯಲ್ಲಿ ಇರ್ಬೇಕು. ಖುಬ್ಬೂಸ್ ರೊಟ್ಟಿ ಬೇಯಿಸುವವರಿಗೆ ಸಂಜೆಯೇ ರಾತ್ರಿ. ಅವರು ಯಾವಾಗ ಸಿನಿಮಾ ನೋಡುದು?”

“ಒಂದೇ ದಿನ ಅಲ್ವಾ ಉಮ್ಮ?”

ಸ್ವಲ್ಪ ಹೊತ್ತಿನಲ್ಲಿ ಉಪ್ಪನಿಂದ ಎರಡೇ ಶಬ್ದ ಬಂತು. “ನೋಡ್ತೇನೆ ಮಗಳೇ.”

ಮೊದಲನೇ ಭಾಗವನ್ನು ಅವಳು ಉಪ್ಪನ ಜೊತೆಯಲ್ಲೇ ನೋಡಿದ್ದಳು. ಆಗ ಅವಳು ಮೂರನೇ ತರಗತಿ, ಉಪ್ಪ ರಜೆಯಲ್ಲಿ ಬಂದಿದ್ದರು. ಮೂಡುಬಿದಿರೆಯ ಟಾಕೀಸಿನಿಂದ ಹೊರಗೆ ಬಂದು ಬಸ್ ಹತ್ತಿದರೂ ಅವಳ ಅಳು ನಿಂತಿರಲಿಲ್ಲ. ಕಂಡಕ್ಟರ್ ಕೂಡ “ಎಂತಕ್ಕೆ ಅಳುದು ಮಗು?” ಎಂದು ಕೇಳಿದ್ದ. ಉಪ್ಪ ಅವಳ ಮೂಗು ಒರೆಸಿ, “ಅಳ್ಬೇಡ. ಡಬ್ಬು ಬರ್ತಾನೆ. ಎರಡನೇ ಭಾಗ ಬರ್ಲಿ, ನೋಡು ಬೇಕಾದ್ರೆ,” ಎಂದಿದ್ದರು.

ಉಪ್ಪ ಹೇಳಿದ್ದು ಎಂದರೆ ಇಷ್ಟೇ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ಏಳೂವರೆಗೇ ಯೂನಿಫಾರ್ಮ್ ಹಾಕಿ, ಫೋನಿನ ಮುಂದೆ ಕುಳಿತಳು. ದೋಸೆ ತಣ್ಣಗಾಗುತ್ತಿತ್ತು. ಉಮ್ಮ ಎರಡು ಸಲ ಗದರಿಸಿದರು. ಮೂರನೇ ಸಲ ಗದರಿಸುವಷ್ಟರಲ್ಲಿ ವಿಡಿಯೋ ಕಾಲ್ ಬಂತು.

ಉಪ್ಪನ ಹಿಂದೆ ಹಿಟ್ಟು ನಾದುವ ಮೆಷಿನು ಗರಗರ ತಿರುಗುತ್ತಿತ್ತು. ಹುಬ್ಬಿನ ಮೇಲೆಲ್ಲ ಹಿಟ್ಟು ಕುಳಿತಿತ್ತು. ಕಣ್ಣು ಕೆಂಪಗಿತ್ತು.

“ನೋಡಿದ್ರಾ?”

“ನೋಡಿದೆ ಮಗಳೇ. ದೊಡ್ಡ ಥಿಯೇಟರು. ಸೀಟು ನಮ್ಮ ಸೋಫಾದಿಂದಲೂ ಮೆತ್ತಗೆ ಉಂಟು.”

“ಡಬ್ಬು ಬಂದನಾ?”

ಉಪ್ಪ ಕುತ್ತಿಗೆ ಕೆರೆದುಕೊಂಡರು. ಅತ್ತ ಇತ್ತ ನೋಡಿದರು. “ಇಂಟರ್‌ವಲ್ ತನಕ ಬರ್ಲಿಲ್ಲ.”

“ಮತ್ತೆ?”

“ಮತ್ತೆ... ಏಸಿ ತಣ್ಣಗೆ ಇತ್ತು. ಕಣ್ಣು ಸ್ವಲ್ಪ ಮುಚ್ಚಿದೆ, ಅಷ್ಟೇ. ಕಣ್ಣು ಬಿಡುವಾಗ ಕಸ ಗುಡಿಸುವವ ಬಂದು ಎಬ್ಬಿಸ್ತಾ ಇದ್ದಾನೆ. ಸಿನಿಮಾ ಯಾವಾಗಲೋ ಮುಗಿದಿತ್ತು.”

ಅಡಿಗೆಮನೆಯಲ್ಲಿ ಉಮ್ಮನಿಗೆ ನಗು ಬಂತು. ಫಾಹಿಮಾಳಿಗೆ ಮಾತ್ರ ಅಳು ಬಂತು. ಹತ್ತು ಗಂಟೆಗೆ ಹಿಂದಿನ ಕರಿಹಲಗೆಯ ಮುಂದೆ ಅವಳು ನಿಲ್ಲಬೇಕಿತ್ತು.

“ಬೇಸರ ಮಾಡ್ಬೇಡ,” ಎಂದರು ಉಪ್ಪ ಅವಸರದಿಂದ. “ನನ್ನ ರೂಮಿನ ಹನೀಫಾನಿಗೆ ಯಾರೋ ಕತೆ ಪೂರ್ತಿ ಹೇಳಿದ್ದಾರಂತೆ. ಮಧ್ಯಾಹ್ನ ಅವನತ್ರ ಕೇಳಿ ಹೇಳ್ತೇನೆ.”

“ಬೇಡ ಉಪ್ಪ. ಅದು ಎಡಗಡೆಯದ್ದು ಆಗ್ತದೆ.”

“ಎಡಗಡೆಯದ್ದು ಅಂದ್ರೆ ಎಂತದು?”

ಇನ್ನೊಂದು ಪ್ರಶ್ನೆ ಅವಳ ನಾಲಿಗೆಯ ತುದಿಗೆ ಬಂದಿತ್ತು. “ಆವತ್ತು ಬಸ್ಸಿನಲ್ಲಿ ಡಬ್ಬು ಬರ್ತಾನೆ ಅಂತ ಹೇಳಿದ್ರಲ್ಲ? ಆಗ ನಿಮಗೆ ಹೇಗೆ ಗೊತ್ತಿತ್ತು?”

ಉಪ್ಪ ನಕ್ಕರು. ಹುಬ್ಬಿನ ಮೇಲಿದ್ದ ಹಿಟ್ಟು ಉದುರಿತು. “ಗೊತ್ತಿರ್ಲಿಲ್ಲ ಮಗಳೇ. ನೀನು ಅಳ್ತಾ ಇದ್ದಿ. ಬರ್ಲಿ ಅಂತ ನನಗೂ ಆಸೆ ಇತ್ತು.”

ಒಳಗಿನಿಂದ ಯಾರೋ “ನಾಸಿರ್!” ಎಂದು ಕರೆದರು. ಕಾಲ್ ಕಟ್ ಆಯಿತು.

ಶಾಲೆಯ ಗೇಟಿನಲ್ಲೇ ಅಸ್ಕರ್ ಕಾಯುತ್ತಿದ್ದ. ಅವನ ಹಿಂದೆ ಅರ್ಧ ತರಗತಿ ಇತ್ತು. “ಬಂದ್ಳು, ಬಂದ್ಳು!” ಎಂದು ಅವಳನ್ನು ಮೆರವಣಿಗೆಯಲ್ಲಿ ಕರೆದೊಯ್ದ ಹಾಗೆ ಹಲಗೆಯ ತನಕ ಕರೆದೊಯ್ದರು. ದೀಪಶ್ರೀ ಸೀಮೆಸುಣ್ಣ ಕೈಗಿತ್ತಳು. ಹೊಸತು, ಉದ್ದದ್ದು.

ಬಲಗಡೆ ಖಾಲಿ ಇತ್ತು. ‘ಡಬ್ಬು ಬರ್ತಾನೆ’ ಎಂದು ಬರೆಯಲು ಅರ್ಧ ನಿಮಿಷವೂ ಬೇಡ. ಬರೆದರೆ ಯಾರಿಗೆ ಗೊತ್ತಾಗುತ್ತದೆ? ಉಪ್ಪ ಶಾರ್ಜಾದಲ್ಲಿದ್ದಾರೆ. ಆದರೆ ಅವಳ ಕಣ್ಣ ಮುಂದೆ ಆ ಕೆಂಪು ಕಣ್ಣುಗಳೇ ಬಂದವು. ಪೂರ್ತಿ ನೋಡಿದೆ ಎಂದು ಸುಳ್ಳು ಹೇಳುವುದು ಉಪ್ಪನಿಗೂ ಸುಲಭವಿತ್ತು. ಅವರು ಹೇಳಲಿಲ್ಲ.

ಫಾಹಿಮಾ ಎಡಗಡೆಗೆ ಹೋದಳು. ತನ್ನ ಹಳೆಯ ಸಾಲಿನ ಮುಂದೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ನಿಧಾನವಾಗಿ ಬರೆದಳು. ‘ಮೂರು ವರ್ಷ ಮೊದಲು. ಬಸ್ಸಿನಲ್ಲಿ. ನಾನು ಅಳುವಾಗ.’

“ಇದೆಂತದು?” ಅಸ್ಕರ್ ಬಾಯಿ ತೆರೆದ.

“ಉಪ್ಪ ಸಿನಿಮಾಕ್ಕೆ ಹೋದದ್ದು ಹೌದು. ಇಂಟರ್‌ವಲ್ ಆದ ಮೇಲೆ ನಿದ್ದೆ ಬಂತಂತೆ. ಅವರಿಗೆ ಮೂರು ಗಂಟೆಗೆ ಕೆಲಸ ಇರ್ತದೆ. ಡಬ್ಬು ಬರ್ತಾನಾ ಇಲ್ವಾ, ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ.”

ತರಗತಿಯಲ್ಲಿ ನಗು ಶುರುವಾಯಿತು. “ಥಿಯೇಟರಿನಲ್ಲಿ ನಿದ್ದೆಯಾ!” ಸೀಮೆಸುಣ್ಣ ಫಾಹಿಮಾಳ ಕೈಯಲ್ಲೇ ತುಂಡಾಯಿತು.

ಚಿದಾನಂದ ಸರ್ ಯಾವಾಗ ಬಂದು ಹಿಂದೆ ನಿಂತಿದ್ದರೋ ಯಾರಿಗೂ ತಿಳಿಯಲಿಲ್ಲ. ಹಲಗೆಯನ್ನು ಮೇಲಿನಿಂದ ಕೆಳಗಿನ ತನಕ ಓದಿದರು.

“ಇಷ್ಟು ಸಾಲುಗಳಲ್ಲಿ ಯಾರು, ಯಾವಾಗ, ಎರಡೂ ಸರಿಯಾಗಿ ಇರುವುದು ಇದೊಂದರಲ್ಲೇ,” ಎಂದರು. “ಅಸ್ಕರ್, ನಿನ್ನ ಯೂಟ್ಯೂಬಿನವರು ಯಾವಾಗ ಹೇಳಿದ್ದು?”

ಅಸ್ಕರ್ ತಲೆ ಕೆರೆದುಕೊಂಡ. “ಸರ್, ಅವರು ಹೋದ ತಿಂಗಳು ಡಬ್ಬು ಬರ್ತಾನೆ ಅಂತ ಹೇಳಿದ್ದು. ಈ ತಿಂಗಳು ಸತ್ತ ಅಂತ.”

ಈ ಸಲದ ನಗು ಫಾಹಿಮಾಳ ಕಡೆಗಿರಲಿಲ್ಲ. ಆದರೂ ಮಾತು ಮಾತೇ. ಆ ಇಡೀ ದಿನ ಅವಳು ಒಮ್ಮೆಯೂ “ಉಪ್ಪ ಹೇಳಿದ್ದು” ಎನ್ನಲಿಲ್ಲ. ಎರಡು ಸಲ ಬಾಯಿಯ ತನಕ ಬಂದದ್ದನ್ನು ನುಂಗಿಕೊಂಡಳು.

ಭಾನುವಾರ ಉಮ್ಮ ಅವಳನ್ನೂ ದೀಪಶ್ರೀಯನ್ನೂ ಬಸ್ಸಿನಲ್ಲಿ ಮೂಡುಬಿದಿರೆಗೆ ಕರೆದುಕೊಂಡು ಹೋದರು. ಟಾಕೀಸು ತುಂಬಿತ್ತು. ಇಂಟರ್‌ವಲ್ ತನಕ ಡಬ್ಬು ಬರಲಿಲ್ಲ. ಅಷ್ಟರ ಮಟ್ಟಿಗೆ ಉಪ್ಪನ ಮಾತು ಸರಿಯಾಗಿತ್ತು. ಪಿಂಕ್ ತಂಗಿಯೂ ಬರಲಿಲ್ಲ.

ಇಂಟರ್‌ವಲ್ ಮುಗಿದು ದೀಪ ಆರಿದಾಗ ಫಾಹಿಮಾ ಸೀಟಿನ ತುದಿಗೆ ಬಂದು ಕುಳಿತಳು. ಇಲ್ಲಿಂದ ಮುಂದಿನದ್ದನ್ನು ಉಪ್ಪ ನೋಡಿಲ್ಲ. ಅಷ್ಟು ಮೆತ್ತಗಿನ ಸೀಟಿನಲ್ಲಿ ತಲೆ ಒಂದು ಬದಿಗೆ ವಾಲಿಸಿ ಮಲಗಿದ್ದ ಉಪ್ಪ, ಅವರ ಮುಂದೆ ಯಾರಿಗೂ ಬೇಡವಾಗಿ ಓಡುತ್ತಿದ್ದ ದೊಡ್ಡ ಪರದೆ. ಅದನ್ನು ನೆನೆದು ಅವಳಿಗೆ ತುಂಬ ಸಂಕಟವಾಯಿತು. ಹೋಗಿ ಎಂದು ಹಟ ಮಾಡಿದ್ದು ತಾನೇ ಅಲ್ಲವೇ? ದೀಪಶ್ರೀ ಪಾಪ್‌ಕಾರ್ನ್ ಚಾಚಿದರೂ ಅವಳು ಕಣ್ಣು ಕದಲಿಸಲಿಲ್ಲ. ಒಂದೊಂದನ್ನೂ ಗಮನವಿಟ್ಟು ನೋಡಿದಳು. ಯಾರು ಯಾವ ಬಾಗಿಲಿನಿಂದ ಬಂದರು, ಏನು ಹೇಳಿದರು, ಎಲ್ಲಿ ಜನ ನಕ್ಕರು, ಎಲ್ಲ.

ಕೊನೆಗೆ ಆ ದೊಡ್ಡ ಬಾಗಿಲು ತೆರೆಯಿತು. ಹೊರಗೆ ಬರೀ ಬೂದು ಧೂಳು. ಟಾಕೀಸಿನಲ್ಲಿ ಒಂದು ಕೆಮ್ಮೂ ಕೇಳಿಸಲಿಲ್ಲ. ಆಗ ಧೂಳಿನ ಒಳಗಿನಿಂದ ನೀಲಿ ಲೈಟು ಮಿನುಗಿತು. ಒಂದು ಸಲ. ಮತ್ತೊಂದು ಸಲ.

ಇಡೀ ಟಾಕೀಸು ಕಿರುಚಿತು. ಉಮ್ಮ ಕೂಡ ಕಿರುಚಿದರು. ಆಮೇಲೆ ಕೇಳಿದರೆ ಒಪ್ಪಿಕೊಳ್ಳಲಿಲ್ಲ.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಫೋನ್ ರಿಂಗಾಯಿತು. ಉಪ್ಪ ರೂಮಿನ ಮಂಚದ ಮೇಲೆ ಕುಳಿತಿದ್ದರು. ಆವತ್ತು ಅವರಿಗೆ ರಜೆ. ಸಲಾಂ ಹೇಳಿದ ಕೂಡಲೇ ಕೇಳಿದರು, “ಡಬ್ಬು ಬಂದನಾ?”

ಶುಕ್ರವಾರ ಗೇಟಿನಲ್ಲಿ ಕಾಯುತ್ತಿದ್ದ ಮಕ್ಕಳ ಮುಖವೂ ಹೀಗೇ ಇತ್ತು. ಉಪ್ಪನೂ ಮೂರು ವರ್ಷದಿಂದ ಕಾಯುತ್ತಿದ್ದರೆಂದು ಫಾಹಿಮಾಳಿಗೆ ಆಗ ಹೊಳೆಯಿತು.

“ಈ ಸಲ ಪೆರ್ನಾಲಿಗೆ ನಾನು ಬರ್ತೇನೆ,” ಎಂದರು ಉಪ್ಪ. “ರಜೆ ಸಿಗ್ತದೆ ಅಂತ ಹೇಳಿದ್ದಾರೆ. ಆಗ ಪೂರ್ತಿ ಕತೆ ಹೇಳಿದ್ರೂ ಸಾಕು. ಈಗ ಡಬ್ಬು ಬಂದನಾ, ಅದೊಂದು ಹೇಳು.”

ಹೋದ ಪೆರ್ನಾಲ್ ಹಬ್ಬಕ್ಕೂ ಅವರು ಹಾಗೇ ಹೇಳಿದ್ದರು. ಅದರ ಹಿಂದಿನದಕ್ಕೂ ಹೇಳಿದ್ದರು. ಪ್ರತಿ ಸಲವೂ ಅವಳು “ಪ್ರಾಮಿಸ್?” ಎಂದು ಮೂರು ಸಲ ಕೇಳುತ್ತಿದ್ದಳು, ಬರದಿದ್ದಾಗ ಎರಡು ದಿನ ಫೋನಿಗೇ ಬರುತ್ತಿರಲಿಲ್ಲ. ಈ ಸಲ ಅವಳು ಪ್ರಾಮಿಸ್ ಕೇಳಲಿಲ್ಲ. ಮನಸ್ಸಿನ ಎಡಗಡೆ ಆ ಮಾತನ್ನು ಬರೆದುಕೊಂಡಳು. ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಎರಡನ್ನೂ ಸೇರಿಸಿ. ಬರಲಿ ಎಂದು ಅವರಿಗೂ ಆಸೆ ಇದೆ, ತನಗೂ ಇದೆ.

ಅವಳು ಫೋನನ್ನು ನೀರಿನ ಚೊಂಬಿಗೆ ಒರಗಿಸಿ ನಿಲ್ಲಿಸಿ, ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತಳು.

“ಹಾಗೆಲ್ಲ ಮೊದಲೇ ಹೇಳ್ಲಿಕ್ಕೆ ಆಗುದಿಲ್ಲ ಉಪ್ಪ. ಇಂಟರ್‌ವಲ್ ಆಯ್ತಲ್ಲ, ಅಲ್ಲಿಂದ ಸುರು ಮಾಡ್ತೇನೆ,” ಎಂದಳು. “ನಿದ್ದೆ ಬಂದ್ರೆ ಹೇಳಿ, ಉಳಿದದ್ದು ನಾಳೆ ಹೇಳ್ತೇನೆ.”