ಹದಿನೇಳು ತಪ್ಪೊಪ್ಪಿಗೆಗಳು

ಫೆಬ್ರವರಿ 11, ಸೋಮವಾರ. ಬೆಳಿಗ್ಗೆ 9:20ಕ್ಕೆ ಮಳೆಕಾಡಿನ ನದಿಯೂರು ಕಾಪಿಟ್‌ನ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವನು ಲಾವ್ ಹೀ ಕಿಯೊಂಗ್, ವಯಸ್ಸು ಐವತ್ತೆರಡು, ಮರದ ಕಂಪನಿಯೊಂದರ ಕ್ಯಾಂಪ್ ಮ್ಯಾನೇಜರ್. ಮೂರು ಗಂಟೆ ದೋಣಿಯಲ್ಲಿ ಕೂತು ಬಂದವನ ಷೂಗಳು ನಡೆದಾಗೆಲ್ಲ ಪಚಪಚ ಎನ್ನುತ್ತಿದ್ದವು. ಕ್ಯಾಂಪಿನ ಮೂರು ಬುಲ್ಡೋಜರುಗಳ ಸ್ಟಾರ್ಟರ್ ಮೋಟಾರುಗಳನ್ನು ಯಾರೋ ಅಪರಿಚಿತರು ಬಿಚ್ಚಿಕೊಂಡು ಹೋಗಿದ್ದಾರೆ, ಅವಿಲ್ಲದೆ ಯಂತ್ರಗಳು ಒಂದಿಂಚೂ ಅಲ್ಲಾಡುವುದಿಲ್ಲ ಎಂಬುದು ದೂರು. ಇನ್‌ಸ್ಪೆಕ್ಟರ್ ಸೆಂಡಿ ತಾನೇ ಎಫ್‌ಐಆರ್ ಬರೆದುಕೊಂಡಳು.

"ಯಾರ ಮೇಲಾದ್ರೂ ಅನುಮಾನ?"

"ಇಲ್ಲ."

"ಪಕ್ಕದ ಉದ್ದಮನೆಯವರ ಮೇಲೆ?"

"ಅಯ್ಯೋ, ಅವರ ಸುದ್ದಿಗೇ ಹೋಗ್ಬೇಡಿ ಮೇಡಂ. ನದಿ ಕೆಳಗಿನಿಂದ ಗುಜರಿಯವರು ಯಾರೋ ಬಂದಿರ್ಬೇಕು."

"ಯಂತ್ರ ಯಾವಾಗಿಂದ ಬೇಕಿತ್ತು?"

"ನಾಳೆಯಿಂದ. ರಸ್ತೆ ಕೆಲಸ." ಲಾವ್ ಕೈಯಲ್ಲಿದ್ದ ಟೋಪಿ ತಿರುಗಿಸಿದ. "ತನಿಖೆ ಎಷ್ಟು ದಿನ ಹಿಡಿಯುತ್ತೆ ಮೇಡಂ?"

"ಬೇಗ ಮುಗಿಸ್ತೀವಿ."

"ಅವಸರ ಏನಿಲ್ಲ. ನಿಧಾನವಾಗೇ ಮಾಡಿ."

ಹದಿನೆಂಟು ವರ್ಷದ ಸರ್ವಿಸಿನಲ್ಲಿ ಸೆಂಡಿ ಎಂತೆಂಥ ದೂರುದಾರರನ್ನು ಕಂಡಿದ್ದಳು. ಮೇಜು ಗುದ್ದಿದವರು, ಅತ್ತವರು, ಮಂತ್ರಿಯ ಹೆಸರು ಹೇಳಿ ಹೆದರಿಸಿದವರು. ನಿಧಾನವಾಗಿ ಮಾಡಿ ಎಂದವನು ಇವನೊಬ್ಬನೇ.

ಮಧ್ಯಾಹ್ನ 1:15ಕ್ಕೆ ಸೆಂಡಿ ಮತ್ತು ಕಾರ್ಪೊರಲ್ ಹಮ್ದಾನ್ ಲಾವ್‌ನ ಜೊತೆ ಕ್ಯಾಂಪ್ ತಲುಪಿದರು. ಚೀನೀ ಹೊಸ ವರ್ಷದ ರಜೆಗೆ ಮೆಕ್ಯಾನಿಕ್, ಡ್ರೈವರುಗಳೆಲ್ಲ ಸಿಬು ಪಟ್ಟಣಕ್ಕೆ ಹೋಗಿದ್ದರು, ಮರುದಿನ ಬೆಳಿಗ್ಗೆ ಮರಳುವವರಿದ್ದರು. ಅಲ್ಲಿ ಉಳಿದಿದ್ದವರು ಲಾವ್ ಮತ್ತು ಕಿವಿ ಮಂದವಾದ ಅಡುಗೆಯವನು. ಪಂಚನಾಮೆ ಶುರುವಾಯಿತು. ಹಮ್ದಾನ್ ಮೊದಲ ಬುಲ್ಡೋಜರಿನ ಅಡಿಗೆ ತೂರಿದವನು ಹೊರಗೆ ಬರಲೇ ಇಲ್ಲ.

"ಏನಯ್ಯಾ, ಅಲ್ಲೇ ನಿದ್ದೆ ಮಾಡಿದ್ಯಾ?"

"ಇಲ್ಲಿ ಬಂದು ನೋಡಿ ಮೇಡಂ. ಮೋಟಾರು ಬಿಚ್ಚಿದ ಮೇಲೆ ಬೋಲ್ಟುಗಳನ್ನ ವಾಪಸ್ ಅದೇ ತೂತಿಗೆ ತಿರುಗಿಸಿ ಇಟ್ಟಿದಾನೆ. ವೈರಿನ ತುದಿಗೆ ಟೇಪು. ಟೇಪಿನ ಮೇಲೆ ಪ್ಲಾಸ್ಟಿಕ್ಕು, ತೇವ ಹಿಡೀಬಾರ್ದು ಅಂತ."

ಮೂರರಲ್ಲೂ ಹಾಗೆಯೇ ಇತ್ತು. "ಎಂಥಾ ಮಮತೆಯ ಕಳ್ಳ," ಎಂದ ಹಮ್ದಾನ್. "ನಮ್ಮ ಠಾಣೆ ಜೀಪನ್ನೂ ಇವನ ಕೈಗೇ ಕೊಟ್ಬಿಡಿ."

ಸೆಂಡಿ ಬೋಲ್ಟುಗಳ ಸಂಗತಿಯನ್ನು ಅಕ್ಷರಶಃ ಬರೆಸಿ ಲಾವ್‌ನ ಮುಖ ನೋಡಿದಳು. ಅವನು ನದಿ ನೋಡುತ್ತಿದ್ದ.

2:40ಕ್ಕೆ ಪೊಲೀಸರಿಬ್ಬರೂ ಉದ್ದಮನೆಯ ಏಣಿ ಹತ್ತಿದರು. ಇಪ್ಪತ್ತಾರು ಬಾಗಿಲುಗಳ ಮನೆ, ಬಾಗಿಲಿಗೊಂದು ಸಂಸಾರ, ಒಂದೇ ಸೂರಿನಡಿ ಇಡೀ ಊರು. ಸೆಂಡಿಯೂ ಇಂಥದೇ ಮನೆಯಲ್ಲಿ, ಇನ್ನೊಂದು ನದಿಯ ದಂಡೆಯಲ್ಲಿ, ಹುಟ್ಟಿ ಬೆಳೆದವಳು. ಚಾಪೆ ಹಾಸಿದರು. ಹಮ್ದಾನ್‌ನ ಚಹಾಕ್ಕೆ ಬೇರೆ ಕೆಟಲು, ಬೇರೆ ಲೋಟ ಬಂದವು. ಮುಸ್ಲಿಮನಾದ ಅವನಿಗೆ ಹಂದಿಮಾಂಸದ ಸೋಂಕು ತಗಲಬಾರದೆಂದು ಬೇರೆಯಾಗಿಯೇ ಎತ್ತಿಟ್ಟಿರುತ್ತಾರೆ. ಸೆಂಡಿ ನೋಟ್‌ಬುಕ್ ತೆರೆಯುವಷ್ಟರಲ್ಲಿ ಮನೆಯ ಹಿರಿಯ ಬೆಲಾಯೊಂಗ್ ಎರಡೂ ಕೈ ಮುಂದೆ ಚಾಚಿದ.

"ಕೋಳ ಹಾಕು ಮಗಳೇ. ನಾನೇ ಕದ್ದಿದ್ದು."

"ನಾನಿನ್ನೂ ಕೇಳೇ ಇಲ್ಲವಲ್ಲ ಅಜ್ಜ."

"ಕೇಳೋದ್ಯಾಕೆ? ಬಂದಿದೀಯಲ್ಲ. ನನ್ನ ಕರ್ಕೊಂಡು ಹೋಗು, ಮನೆ ಜಾಲಾಡಬೇಡ."

"ಸರಿ. ಏನು ಕದ್ದಿರಿ?"

ಅಜ್ಜ ತಡವರಿಸಿದ. "ಅದೇ, ಬೀಗದಕೈ."

"ಸುಳ್ಳು," ಎಂದು ಹಿಂದಿನಿಂದ ಅವನ ತಮ್ಮ ಎದ್ದುನಿಂತ. "ಬ್ಯಾಟರಿ ಕದ್ದೋನು ನಾನು." ಅವನ ಹೆಂಡತಿ ಗಂಡನ ಅಂಗಿ ಹಿಡಿದು ಕೂರಿಸಿ, ಡೀಸೆಲ್ಲು ಕದ್ದವಳು ತಾನು ಎಂದಳು. ಎಂಬತ್ತು ದಾಟಿದ ಲಾಂತಿಂಗ್ ಅಜ್ಜಿ ಅಡಿಕೆ ಜಗಿಯುತ್ತ ಎಲ್ಲರನ್ನೂ ಪಕ್ಕಕ್ಕೆ ಸರಿಸಿಕೊಂಡು ಬಂದು, "ಇವರಿಗೆಲ್ಲ ಎಲ್ಲಿದೆ ಆ ಧೈರ್ಯ? ಟಯರು ಬಿಚ್ಚಿದೋಳು ನಾನು, ಬರ್ಕೋ," ಎಂದಳು.

"ಬುಲ್ಡೋಜರಿಗೆ ಟಯರೇ ಇರಲ್ಲ ಅಜ್ಜಿ."

"ಇರಲ್ವಲ್ಲ ಮತ್ತೆ? ನಾನು ಬಿಚ್ಚಿದ್ಮೇಲೆ ಹೇಗಿರುತ್ತೆ?"

ಹಮ್ದಾನ್ ಚಹಾ ನೆತ್ತಿಗೇರಿಸಿಕೊಂಡು ಕೆಮ್ಮಿದ. ನಾಲ್ಕು ಗಂಟೆಯ ಹೊತ್ತಿಗೆ ಹದಿನೇಳು ಜನ ತಪ್ಪೊಪ್ಪಿಕೊಂಡಿದ್ದರು. ಸ್ಟಾರ್ಟರ್ ಮೋಟಾರಿನ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಪ್ರತಿಯೊಬ್ಬರಿಗೂ ತಮ್ಮವರೇ ಯಾರೋ ಈ ಕೆಲಸ ಮಾಡಿದ್ದಾರೆ ಎಂಬ ಅನುಮಾನ. ಆ ಯಾರೋ ಒಬ್ಬರು ಸಿಕ್ಕಿಬೀಳಬಾರದೆಂದು ಎಲ್ಲರೂ ಮೈಮೇಲೆ ಎಳೆದುಕೊಳ್ಳುತ್ತಿದ್ದರು.

ಅಂಥ ಅನುಮಾನ ಬರಲು ಕಾರಣವನ್ನೂ ಬೆಲಾಯೊಂಗ್ ಹೇಳಿದ. ಎರಡು ವರ್ಷ ಮಾತಾಡಿ ಕಂಪನಿಯ ಜೊತೆ ಒಪ್ಪಂದವಾಗಿತ್ತು. ಕಾಯಿಯಿಂದ ಬೆಣ್ಣೆ ತೆಗೆಯುವ ಎಂಕಬಾಂಗ್ ಮರಗಳನ್ನು ಕಡಿಯುವಂತಿಲ್ಲ, ಆದರೆ ಅವುಗಳ ಅಡಿಯಲ್ಲಿ ರಸ್ತೆ ಹೋಗಬಹುದು, ಕೆಲಸ ಫೆಬ್ರವರಿ 12ಕ್ಕೆ ಶುರು. ಐದು ವರ್ಷ ಬರಡಾಗಿದ್ದ ಆ ಮರಗಳು ಈ ವರ್ಷ ಕೊಂಬೆ ಬಗ್ಗುವಷ್ಟು ಕಾಯಿ ಬಿಟ್ಟಿದ್ದವು. ಇನ್ನು ಹತ್ತು ದಿನಕ್ಕೆ ಉದುರುತ್ತವೆ. ಬುಲ್ಡೋಜರು ಬಂದರೆ ಅಷ್ಟೂ ಮಣ್ಣಿನಡಿ ಹೋಗುತ್ತದೆ, ಮತ್ತೆ ಯಾವಾಗ ಬಿಡುತ್ತವೋ ಹೇಳುವವರಿಲ್ಲ.

"ಹತ್ತು ದಿನ ತಡೀರಿ ಅಂತ ಕೇಳ್ಲಿಲ್ವಾ?"

"ಪಾಪ, ಲಾವ್‌ನೇ ಸಿಬುವಿನ ಹೆಡ್ಡಾಫೀಸಿಗೆ ಹೋಗಿ ಕೇಳ್ದ. ಒಪ್ಪಂದದಲ್ಲಿ ತಾರೀಖು ಇದೆ, ನೀವೇ ಸಹಿ ಹಾಕಿದೀರಿ ಅಂದ್ರಂತೆ."

ಸೆಂಡಿ ನೋಟ್‌ಬುಕ್ ಮುಚ್ಚಿದಳು. ಅವಳಿಗೆ ಈಗ ಕೇಳಬೇಕಾದವರು ಒಬ್ಬರೇ ಉಳಿದಿದ್ದರು.

4:50. ಕ್ಯಾಂಪ್ ಕಚೇರಿ.

"ಲಾವ್, ಬೆಲಾಯೊಂಗ್ ಅಜ್ಜ ತಪ್ಪು ಒಪ್ಪಿಕೊಂಡಿದಾರೆ. ಕೋಳ ಹಾಕು ಅಂತ ಕೈ ಚಾಚಿದಾರೆ. ನಿಮ್ಮ ಹೇಳಿಕೆಗೆ ಇಲ್ಲಿ ಒಂದು ಸಹಿ ಮಾಡಿ." ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಲಾವ್ ಪೆನ್ನು ಹಿಡಿದ, ಬರೆಯಲಿಲ್ಲ. "ಆ ಮುದುಕನಿಗೆ ಸ್ಪ್ಯಾನರ್ ಹಿಡಿಯೋಕೇ ಬರಲ್ಲ."

"ಯಾರಿಗೆ ಬರುತ್ತೆ?"

"ಮೇಡಂ, ಅವರನ್ನ ಬಿಟ್ಬಿಡಿ."

"ಮ್ಯಾನೇಜರ್ ಆಗೋಕೆ ಮುಂಚೆ ನೀವು ಏನಾಗಿದ್ರಿ?"

"ಮೆಕ್ಯಾನಿಕ್. ಇಪ್ಪತ್ತು ವರ್ಷ."

ಅವನು ಎದ್ದು ಅಡುಗೆಮನೆಗೆ ಹೋಗಿ ಅಕ್ಕಿಯ ಡಬ್ಬದೊಳಗೆ ಮೊಣಕೈವರೆಗೆ ಕೈ ಹಾಕಿದ. ಎಣ್ಣೆ ಸವರಿ, ಬಟ್ಟೆ ಸುತ್ತಿದ ಮೂರು ಗಂಟುಗಳು ಹೊರಬಂದವು. ಅಡುಗೆಯವನು ಬಾಯಿ ಬಿಟ್ಟುಕೊಂಡು ನೋಡಿದ.

"ಯಾಕೆ ಮಾಡಿದ್ರಿ?"

"ಕಾಗದಕ್ಕೆ ಸಹಿ ಹಾಕಿದ್ದು ಕಂಪನಿ. ಕಾಯಿ ಬಿಟ್ಟರೆ ನೀವು ಹೆಕ್ಕಿಕೊಂಡ ಮೇಲೇ ರಸ್ತೆ ಅಂತ ಉದ್ದಮನೆಯವರಿಗೆ ಮಾತು ಕೊಟ್ಟಿದ್ದು ನಾನು." ಲಾವ್ ಕುರ್ಚಿಯಲ್ಲಿ ಕುಸಿದ. "ಎರಡು ವರ್ಷದ ಹಿಂದೆ ಬಂದಾಗ ಅವರು ನನ್ನನ್ನ ಮೇಲೆ ಹತ್ತೋಕೇ ಬಿಡ್ಲಿಲ್ಲ. ಏಣಿ ಕೆಳಗೆ ಒಂಬತ್ತು ದಿನ ಕೂತೆ. ಹತ್ತನೇ ದಿನ ಲಾಂತಿಂಗ್ ಅಜ್ಜಿ ಕರೆದು ಬಿಸಿ ಅನ್ನ ಹಾಕಿದ್ಲು. ಅದರ ಮೇಲೆ ಎಂಕಬಾಂಗ್ ಕಾಯಿಯ ಬೆಣ್ಣೆ. ತಿಂದಾದ ಮೇಲೆ ಗೊತ್ತಾಯ್ತು, ಬಿದಿರ ಕೊಳವೆಯಲ್ಲಿ ಕೂಡಿಟ್ಟಿದ್ದರ ಕೊನೇ ತುಂಡು ಅದು ಅಂತ. ಅದನ್ನ ತಿಂದ ಬಾಯಲ್ಲಿ ಅವರಿಗೆ ತಾರೀಖು ಹೇಳೋಕೆ ನನ್ನ ಕೈಲಾಗ್ಲಿಲ್ಲ ಮೇಡಂ."

"ಕೆಲಸ ಮಾಡಲ್ಲ ಅಂತ ಸಿಬುಗೆ ಹೇಳಬಹುದಿತ್ತು."

"ಮಾರನೇ ದಿನದ ದೋಣಿಗೆ ಇನ್ನೊಬ್ಬ ಮ್ಯಾನೇಜರ್ ಬರ್ತಿದ್ದ. ಕಳ್ಳತನ, ಪೊಲೀಸು ಅಂದ್ರೆ ಕೆಲಸ ನಿಲ್ಲುತ್ತೆ, ಗುಜರಿಯವರ ತಲೆಗೆ ಹೋಗುತ್ತೆ ಅಂದ್ಕೊಂಡೆ. ಇವರು ಸಾಲಾಗಿ ನಿಂತು ಒಪ್ಪಿಕೊಳ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ?"

ಸಂಜೆ 5:25ಕ್ಕೆ, ಸುಳ್ಳು ದೂರು ಕೊಟ್ಟು ಕಂಪನಿಯ ಸ್ವತ್ತನ್ನು ಬಚ್ಚಿಟ್ಟ ಆರೋಪದ ಮೇಲೆ ಲಾವ್ ಹೀ ಕಿಯೊಂಗ್‌ನನ್ನು ದಸ್ತಗಿರಿ ಮಾಡಲಾಯಿತು. ಕೇಸ್ ಡೈರಿಯಲ್ಲಿ ಉದ್ದೇಶ ಎಂಬಲ್ಲಿ ಸೆಂಡಿ 'ಕೊಟ್ಟ ಮಾತು' ಎಂದು ಬರೆದಳು. ಅದಕ್ಕಿಂತ ಹೆಚ್ಚು ಬರೆಯಲು ಏನಿದೆ ಎಂದು ಅವಳಿಗೆ ಹೊಳೆಯಲಿಲ್ಲ. ಮೂರು ಮೋಟಾರುಗಳನ್ನು ಜಪ್ತಿ ಮಾಡಿದ ಮೇಲೆ ಅರಗು ತರಲು ಹಮ್ದಾನ್‌ಗೆ ಹೇಳಿದಳು.

"ಬುಲ್ಡೋಜರುಗಳಿಗೂ ಸೀಲು ಹಾಕು."

"ಅವು ಯಾಕೆ ಮೇಡಂ?"

"ಆ ಬೋಲ್ಟುಗಳು ಸಾಕ್ಷ್ಯ. ಬೋಲ್ಟುಗಳು ಎಲ್ಲಿವೆ? ಯಂತ್ರದಲ್ಲಿವೆ. ಮ್ಯಾಜಿಸ್ಟ್ರೇಟರ ಆದೇಶ ಬರೋವರೆಗೂ ಯಾರೂ ಮುಟ್ಟೋ ಹಾಗಿಲ್ಲ."

"ಅವರು ಕಾಪಿಟ್‌ಗೆ ಬರೋದು ಇಪ್ಪತ್ತೈದಕ್ಕೆ." ಹಮ್ದಾನ್ ಬೆರಳೆಣಿಸಿ ನಕ್ಕ. "ಹದಿನಾಲ್ಕು ದಿನ."

"ಕಾನೂನು ಕಣಯ್ಯಾ. ನಾನೇನು ಮಾಡ್ಲಿ?"

ಮಾರನೆಯ ದಿನ, ಮಂಗಳವಾರ, ಬೆಳಿಗ್ಗೆ ಸಿಬುವಿನಿಂದ ಫೋನು ಬಂತು. ಲಾವ್ ಅಮಾನತಿನಲ್ಲಿದ್ದಾನೆ, ಅವನ ಜಾಮೀನಿಗೆ ಕಂಪನಿಯಿಂದ ಯಾರೂ ಬರುವುದಿಲ್ಲ ಎಂದರು. ಲಾಕಪ್ಪಿನಲ್ಲಿ ಕೂತಿದ್ದ ಲಾವ್ ತಲೆಯಾಡಿಸಿದ. ಅವನೂ ಅದನ್ನೇ ನಿರೀಕ್ಷಿಸಿದ್ದ.

10:10ಕ್ಕೆ ಎರಡು ದೋಣಿ ತುಂಬ ಜನ ಬಂದಿಳಿದರು. ಠಾಣೆಯ ವರಾಂಡದಲ್ಲಿ ಕಾಲಿಡಲು ಜಾಗವಿಲ್ಲ. ಬೆಲಾಯೊಂಗ್ ಅಜ್ಜ ಮುಂದೆ ಬಂದು ಕುರ್ಚಿಯಲ್ಲಿ ಕೂತ. ಸೆಂಡಿ ಜಾಮೀನಿನ ನಮೂನೆ ಬಿಡಿಸಿ ಹೆಸರು, ವಯಸ್ಸು, ವಾಸ ತುಂಬಿಸಿದಳು. ಮುಂದಿನ ಕಾಲಮ್ಮಿಗೆ ಬಂದು ಪೆನ್ನು ನಿಲ್ಲಿಸಿದಳು.

"ಆರೋಪಿಗೂ ನಿಮಗೂ ಏನು ಸಂಬಂಧ ಅಂತ ಕೇಳಿದಾರೆ ಅಜ್ಜ. ಕಂಪನಿಯವನು, ಪರಿಚಯ, ಅಂತ ಬರೀಲಾ?"

ಅಜ್ಜ ಯೋಚನೆಗೆ ಬಿದ್ದ. ಲಾಂತಿಂಗ್ ಅಜ್ಜಿಗೆ ಅಷ್ಟು ಪುರುಸೊತ್ತಿರಲಿಲ್ಲ.

"ಕಂಪನಿಯವನಂತೆ. ಕಂಪನಿಯವರು ಯಾರು ಬಂದಿದಾರೆ ಇಲ್ಲಿ? ನಮ್ಮನೆಯವನು ಅಂತ ಬರಿ."

ಲಾವ್ ಗೋಡೆಯ ಕಡೆ ತಿರುಗಿಕೊಂಡ. ಸೆಂಡಿ ಅಜ್ಜಿ ಹೇಳಿದಂತೆಯೇ ಬರೆದಳು. ಬೆಲಾಯೊಂಗ್ ಸಹಿ ಹಾಕಿದ್ದೇ ತಡ, ಉಳಿದವರೂ ಮೇಜಿನ ಮುಂದೆ ಸಾಲು ಹಚ್ಚಿದರು. ಒಬ್ಬರು ಸಾಕು, ಒಬ್ಬರೇ ಸಾಕು ಎಂದು ಹಮ್ದಾನ್ ಎಷ್ಟು ಬಡಿದುಕೊಂಡರೂ ಯಾರೂ ಕೇಳಲಿಲ್ಲ.