ಮುಳುಗದ ಹೊತ್ತು

ಬಹಳ ಹಿಂದೆ, ಹಾಯಿಹಡಗುಗಳು ಓಡಾಡುತ್ತಿದ್ದ ಕಾಲದಲ್ಲಿ, ಕುಂಭಾವತಿ ಎಂಬ ರಾಜ್ಯವಿತ್ತು. ಅಲ್ಲಿಯ ಅರಮನೆಗೆ ಮಾಂತ್ರಿಕನೊಬ್ಬ ಇಟಲಿ ದೇಶದ ಚಿತ್ರವೊಂದನ್ನು ಕಾಣಿಕೆಯಾಗಿ ತಂದ. ಗೋಡೆಯಷ್ಟು ದೊಡ್ಡ ಚಿತ್ರ. ದೂರದಲ್ಲಿ ನೀಲಿ ಬೆಟ್ಟ, ಹತ್ತಿರದಲ್ಲಿ ಮುರಿದ ಕಲ್ಲುಕಮಾನುಗಳು, ಕೊಡೆಯಂಥ ಮರಗಳು, ಎಲ್ಲದರ ಮೇಲೂ ಸಂಜೆಯ ಹೊಂಬಿಸಿಲು. ಅದನ್ನು ನೋಡುತ್ತ ಮೈಮರೆತವರು ಒಳಗೇ ಸೇರಿಬಿಡುತ್ತಿದ್ದರು.

ಅರಮನೆಯ ಹೂವಾಡಿಗ ಬೊಮ್ಮಣ್ಣನ ಹೆಂಡತಿ ಸಾಂತವ್ವ ಹೀಗೇ ಮಾಯವಾದಳು. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಚಿತ್ರದ ಕಮಾನಿನ ಕೆಳಗೆ ಬೆರಳುದ್ದದ ಸಾಂತವ್ವನನ್ನು ಕಂಡು ಬೊಮ್ಮಣ್ಣನೂ ಒಳಗೆ ಕಾಲಿಟ್ಟ.

ಸೇತುವೆಯ ಮೇಲೆ ಮಾತಾಡುವ ಹೋರಿಯೊಂದು ಅಡ್ಡ ಬಂತು. "ಕೂತ್ಕೋ. ಇನ್ನೂ ಹೊತ್ತು ಮುಳುಗಿಲ್ಲ, ಆಮೇಲೆ ಹೋದರಾಯ್ತು" ಎಂದಿತು. ಬೊಮ್ಮಣ್ಣ ಅದರ ಕೊರಳಡಿ ಜೋಲುವ ಗಂಗೆದೊಗಲು ಸವರಿ ಮುಂದೆ ನಡೆದ.

ಕುರುಬನೊಬ್ಬ ಎಣ್ಣೆಯಲ್ಲಿ ಅದ್ದಿದ ರೊಟ್ಟಿ ನೀಡಿದ. "ತಿನ್ನಪ್ಪ. ಇನ್ನೂ ಹೊತ್ತು ಮುಳುಗಿಲ್ಲ, ಆಮೇಲೆ ಹೋದರಾಯ್ತು." ಹೊಟ್ಟೆ ಚುರುಗುಟ್ಟುತ್ತಿದ್ದರೂ ಬೊಮ್ಮಣ್ಣ ಮುಂದೆ ನಡೆದ.

ಕಮಾನಿನ ಕೆಳಗೆ ಸಾಂತವ್ವ ನಕ್ಕು ಕೈ ಹಿಡಿದಳು. "ಬಂದ್ರಾ? ಕೂತ್ಕೊಳ್ಳಿ. ಇನ್ನೂ ಹೊತ್ತು ಮುಳುಗಿಲ್ಲ, ಆಮೇಲೆ ಹೋದರಾಯ್ತು."

ಹೋರಿಯನ್ನು ದಾಟಿದವನು ಹೆಂಡತಿಯನ್ನು ದಾಟುವುದು ಹೇಗೆ? ಪಾಪ, ಕುಳಿತೇಬಿಟ್ಟ. ಬಿಸಿಲು ಹಿತವಾಗಿತ್ತು, ಕಣ್ಣು ಎಳೆಯತೊಡಗಿತು. ಮನೆಯ ದಾರಿಯ ನೆನಪೇ ಮಸುಕಾದಾಗ ಅವನಿಗೆ ದಿಗಿಲಾಯಿತು. ಈ ಸೂರ್ಯ ಮುಳುಗುವವನಲ್ಲ. ಕಾಯುತ್ತ ಕೂತರೆ ಇಬ್ಬರೂ ಇಲ್ಲೇ ಬಣ್ಣವಾಗಿಬಿಡುತ್ತೇವೆ. ನಮ್ಮ ಮನೆಗಳಲ್ಲಿ ಸೂರ್ಯನನ್ನು ಯಾರು ಕೇಳುತ್ತಾರೆ, ದೀಪ ಹಚ್ಚಿದರೆ ಸಂಜೆ!

ಪಂಚೆಯ ಅಂಚು ಹರಿದು ಬತ್ತಿ ಹೊಸೆದ. ಕುರುಬನಿಂದ ಎಣ್ಣೆ, ಚಕಮಕಿ ಬೇಡಿ ತಂದ. ಹೆಂಚಿನ ಚೂರಿನಲ್ಲಿ ದೀಪ ಹಚ್ಚಿಟ್ಟ.

ಚಿತ್ರದೊಳಗೇ ಅಡಗಿದ್ದ ಮಾಂತ್ರಿಕ ಮರದ ಮರೆಯಿಂದ ಓಡಿಬಂದ. ಆ ಹೊಂಬಿಸಿಲೇ ಅವನ ಪ್ರಾಣ. "ದೀಪ ಆರಿಸು! ಇನ್ನೂ ಸಂಜೆಯಾಗಿಲ್ಲ!"

ಸಾಂತವ್ವ ತಟ್ಟನೆ ಎದ್ದು ನಿಂತಳು. "ಹಚ್ಚಿದ ದೀಪಾನ ಆರಿಸು ಅಂತಾರೇನ್ರೀ ಯಾರಾದ್ರೂ? ನಿಮ್ಮ ಬಾಯಲ್ಲಿ ಒಳ್ಳೇ ಮಾತೇ ಬರಲ್ವಾ?" ಎಂದು ಗದರಿ, ದೀಪಕ್ಕೆ ಕೈಮುಗಿದಳು. ಮುಗಿದವಳೇ ಬೆಚ್ಚಿಬಿದ್ದಳು. "ಅಯ್ಯೋ, ದೀಪ ಹಚ್ಚೋ ಹೊತ್ತಾಯ್ತು! ಏಳಿ, ಮನೆಗೆ ಹೋಗೋಣ."

ಅಷ್ಟು ಕಾಲ ನಿಂತೇ ಇದ್ದ ಸೂರ್ಯ ನೀಲಿ ಬೆಟ್ಟದ ಹಿಂದೆ ಇಳಿದ. ಬಿಸಿಲಿನೊಡನೆ ಮಾಂತ್ರಿಕನೂ ಕರಗಿಹೋದ. ಒಳಗೆ ಸಿಕ್ಕಿದ್ದವರೆಲ್ಲ ಮನೆಯವರ ಹೆಸರು ಕೂಗುತ್ತ ಚಿತ್ರದಿಂದ ಹೊರಗೆ ಬಂದರು. ಕುರುಬ ತನ್ನ ಕುರಿಗಳನ್ನು ಅಟ್ಟಿಕೊಂಡು ಬೆಟ್ಟದ ಕಡೆ ಹೋದ. ಅವನ ಮನೆ ಅಲ್ಲಿತ್ತು.

ಬೊಮ್ಮಣ್ಣ ಸಾಂತವ್ವನ ಕೈಯನ್ನು ಹೊಸ್ತಿಲು ದಾಟುವವರೆಗೂ ಬಿಡಲಿಲ್ಲ. ಚಿತ್ರದಿಂದ ಬಂದವರೆಲ್ಲ ಬಹುಕಾಲ ಸುಖವಾಗಿದ್ದರು. ಕತೆ ಕೇಳಿದ ನೀವೂ ಇನ್ನು ಏಳಿ, ಮನೆಯಲ್ಲಿ ಕಾಯುತ್ತಿರುತ್ತಾರೆ.